ಇಂಟರ್ನಲ್ಸ್ ವಾರ, ಎರಡು ಬನ್ಸ್ ಮತ್ತು ಸಕ್ಕರೆ ಕಾಯಿಲೆ

ಇಂಟರ್ನಲ್ಸ್ ವಾರ ಬಂತೆಂದರೆ ನಮ್ಮೆಲ್ಲರ ದಿನಚರಿ ಹೆಚ್ಚುಕಮ್ಮಿ ಒಂದೇ. ರಾತ್ರಿ ಎರಡು ಗಂಟೆವರೆಗೆ ಓದು, ನಡುವೆ ಒಂದು ಪ್ಯಾಕೆಟ್ ನೂಡಲ್ಸ್, ನಿದ್ದೆ ಬಾರದಿರಲಿ ಅಂತ ಒಂದು ಎನರ್ಜಿ ಡ್ರಿಂಕ್. ಬೆಳಿಗ್ಗೆ ಏಳುವಾಗಲೇ ತಡ, ತಿಂಡಿಗೆ ಸಮಯ ಇಲ್ಲ. ಬ್ರೇಕ್ ಆದ ಕೂಡಲೇ ಕ್ಯಾಂಟೀನಿಗೆ ಓಡಿ ಎರಡು ಬನ್ಸ್, ಒಂದು ಚಾ. ಪೇಪರ್ ಸುಲಭ ಇತ್ತು ಅನ್ನುವ ಖುಷಿಗೋ, ಕಷ್ಟ ಇತ್ತು ಅನ್ನುವ ಬೇಸರಕ್ಕೋ ಸಂಜೆ ಗೋಳಿಬಜೆ, ರಾತ್ರಿ ಪರೋಟ. ವಾರದ ಕೊನೆಗೆ ಮನೆಗೆ ಹೋದರೆ ಅಮ್ಮನದ್ದು ಒಂದೇ ಪ್ರಶ್ನೆ: "ಎಂತ, ಸಪೂರ ಆಗಿದ್ದೀಯಲ್ಲ?"

ಅದೇ ಮನೆಯ ಊಟದ ಮೇಜಿನ ಮೇಲೆ ಅಪ್ಪನ ಮಾತ್ರೆಯ ಡಬ್ಬ ಇರುತ್ತದೆ. ಫ್ರಿಜ್ಜಿನ ಬಾಗಿಲಲ್ಲಿ ಅಜ್ಜಿಯ ಇನ್ಸುಲಿನ್ ಇರುತ್ತದೆ. ಉಡುಪಿ, ಮಣಿಪಾಲ, ಕಾಪು, ಕಾರ್ಕಳ, ಎಲ್ಲಿಂದ ಬಂದ ಗೆಳೆಯರನ್ನು ಕೇಳಿದರೂ "ನಮ್ಮ ಮನೆಯಲ್ಲೂ ಒಬ್ಬರಿಗೆ ಶುಗರ್ ಉಂಟು" ಅನ್ನುವ ಉತ್ತರ ಸಾಮಾನ್ಯ. ನಾವು ಮಾತ್ರ ಅದನ್ನು ಹಿರಿಯರ ಕಾಯಿಲೆ ಅಂತ ಪಕ್ಕಕ್ಕೆ ಇಟ್ಟಿದ್ದೇವೆ. ಕಾಯಿಲೆ ಪತ್ತೆಯಾಗುವುದು ನಲವತ್ತು ನಲವತ್ತೈದರಲ್ಲಿ ಇರಬಹುದು. ಆದರೆ ಅದರ ತಯಾರಿ ಶುರುವಾಗುವುದು ಎಷ್ಟೋ ವರ್ಷ ಮೊದಲು, ರಿಪೋರ್ಟುಗಳೆಲ್ಲ ನಾರ್ಮಲ್ ಅಂತ ಬರುತ್ತಿರುವಾಗಲೇ. ಅದು ಹೇಗೆ, ಅದರಲ್ಲಿ ನಮ್ಮ ಟೆನ್ಶನ್ ಮತ್ತು ತಟ್ಟೆಯ ಪಾಲೆಷ್ಟು ಅನ್ನುವುದನ್ನು ನೋಡೋಣ.

ಮೊದಲೇ ಒಂದು ಮಾತು. ಇಲ್ಲಿ ಹೇಳುತ್ತಿರುವುದು ಟೈಪ್ 2 ಮಧುಮೇಹದ ಬಗ್ಗೆ. ಮಕ್ಕಳಲ್ಲಿ, ಎಳೆ ವಯಸ್ಸಿನವರಲ್ಲಿ ಹೆಚ್ಚಾಗಿ ಕಾಣುವ ಟೈಪ್ 1 ಬೇರೆಯೇ ಕಾಯಿಲೆ. ಅಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಇನ್ಸುಲಿನ್ ತಯಾರಿಸುವ ಕೋಶಗಳನ್ನು ಹಾಳುಮಾಡುತ್ತದೆ. ಅದಕ್ಕೂ ತಿಂದ ಸಿಹಿಗೂ ಸಂಬಂಧವಿಲ್ಲ. ಕ್ಲಾಸಿನಲ್ಲಿ ಯಾರಾದರೂ ಇನ್ಸುಲಿನ್ ತೆಗೆದುಕೊಳ್ಳುವುದನ್ನು ಕಂಡರೆ "ತುಂಬ ಸ್ವೀಟ್ ತಿಂದೆಯಾ?" ಅಂತ ದಯವಿಟ್ಟು ಕೇಳಬೇಡಿ.

ನಮ್ಮ ಕರಾವಳಿಯ ಎರಡೂ ಬದಿ

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಲ್ಲಿ ನಡೆದ ಇಂಡಿಯಾಬ್ ಅಧ್ಯಯನದ ದೇಶವ್ಯಾಪಿ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. 2008ರಿಂದ 2020ರವರೆಗೆ 1,13,043 ವಯಸ್ಕರನ್ನು ಪರೀಕ್ಷಿಸಿದ ಅಧ್ಯಯನ ಅದು. ದೇಶದ ವಯಸ್ಕರಲ್ಲಿ ಶೇ. 11.4 ಮಂದಿಗೆ ಮಧುಮೇಹ, ಶೇ. 15.3 ಮಂದಿಗೆ ಅದರ ಹೊಸ್ತಿಲಾದ ಪ್ರೀಡಯಾಬಿಟಿಸ್. ಜನರ ಲೆಕ್ಕದಲ್ಲಿ ಹೇಳುವುದಾದರೆ ಸುಮಾರು 10.1 ಕೋಟಿ ಮತ್ತು 13.6 ಕೋಟಿ. ನಮ್ಮ ಕರಾವಳಿಯ ಮೇಲೆ ಮತ್ತು ಕೆಳಗೆ ಇರುವ ಎರಡು ರಾಜ್ಯಗಳು ಪಟ್ಟಿಯ ತುದಿಯಲ್ಲಿವೆ. ಗೋವಾದಲ್ಲಿ ಶೇ. 26.4, ಕೇರಳದಲ್ಲಿ ಶೇ. 25.5. ಅಂದರೆ ನಾಲ್ಕು ವಯಸ್ಕರಲ್ಲಿ ಒಬ್ಬರು. ಅನ್ನ, ತೆಂಗು, ಮೀನು, ಕೂತು ಮಾಡುವ ಕೆಲಸ, ಊರಿಗೆ ಬರುವ ಗಲ್ಫ್ ಹಣ, ಇದೆಲ್ಲ ನಮಗೂ ಹೊಸತಲ್ಲ.

ಸರಕಾರದ ಉಚಿತ ತಪಾಸಣೆ ಶುರುವಾಗುವುದು 30 ವರ್ಷದಿಂದ. ಅಂದರೆ ನಮ್ಮನ್ನು ಯಾರೂ ಕರೆದು ಪರೀಕ್ಷಿಸುವುದಿಲ್ಲ. ನಾವೇ ನೋಡಿಕೊಳ್ಳಬೇಕು.

ರಕ್ತದಲ್ಲಿರುವ ಸಕ್ಕರೆ ಒಂದು ಚಮಚ

ಕಂಟ್ರೋಲ್ ಸಿಸ್ಟಮ್ಸ್ ಪೇಪರ್ ಓದಿದವರಿಗೆ ಇದು ಸುಲಭ. ನಮ್ಮ ದೇಹದಲ್ಲಿ ಸುಮಾರು ಐದು ಲೀಟರ್ ರಕ್ತ ಇದೆ. ಖಾಲಿ ಹೊಟ್ಟೆಯಲ್ಲಿ 100 ಮಿಲಿಲೀಟರಿಗೆ 70ರಿಂದ 99 ಮಿಲಿಗ್ರಾಂ ಗ್ಲೂಕೋಸ್ ಇದ್ದರೆ ಅದು ನಾರ್ಮಲ್. ಗುಣಿಸಿ ನೋಡಿ. ಇಡೀ ರಕ್ತದಲ್ಲಿ ಆಗ ಇರುವ ಗ್ಲೂಕೋಸ್ ಐದು ಗ್ರಾಂ ಒಳಗೆ, ಒಂದು ಚಮಚದಷ್ಟು. 250 ಮಿಲಿಲೀಟರಿನ ಒಂದು ಕೋಲಾದಲ್ಲಿ ಸುಮಾರು 26 ಗ್ರಾಂ ಸಕ್ಕರೆ ಇರುತ್ತದೆ. ಅಷ್ಟನ್ನು ಎರಡು ನಿಮಿಷದಲ್ಲಿ ಕುಡಿದರೂ ಆರೋಗ್ಯವಂತರ ಸಕ್ಕರೆ ಮಟ್ಟ ಸ್ವಲ್ಪ ಏರಿ ಮತ್ತೆ ಜಾಗಕ್ಕೆ ಬರುತ್ತದೆ. ಅಷ್ಟು ಒಳ್ಳೆಯ ಫೀಡ್‌ಬ್ಯಾಕ್ ಲೂಪ್ ನಮ್ಮೊಳಗೆ ಉಂಟು.

ಆ ಲೂಪಿನಲ್ಲಿ ಕಂಟ್ರೋಲರ್ ಅಂದರೆ ಮೇದೋಜೀರಕ ಗ್ರಂಥಿಯ ಬೀಟಾ ಕೋಶಗಳು. ಅವು ಕೊಡುವ ಸಿಗ್ನಲ್ ಇನ್ಸುಲಿನ್. ಸಿಗ್ನಲ್ ಸಿಕ್ಕಾಗ ಸ್ನಾಯುಗಳು ರಕ್ತದಿಂದ ಗ್ಲೂಕೋಸನ್ನು ಒಳಗೆ ಎಳೆದುಕೊಳ್ಳುತ್ತವೆ, ಯಕೃತ್ತು ಗ್ಲೂಕೋಸ್ ಬಿಡುವುದನ್ನು ನಿಲ್ಲಿಸುತ್ತದೆ. ಈಗ ಸ್ನಾಯು ಮತ್ತು ಯಕೃತ್ತು ಸಿಗ್ನಲ್‌ಗೆ ಸರಿಯಾಗಿ ಸ್ಪಂದಿಸುತ್ತಿಲ್ಲ ಅಂತ ಇಟ್ಟುಕೊಳ್ಳಿ. ಇದನ್ನೇ ಇನ್ಸುಲಿನ್ ಪ್ರತಿರೋಧ ಅನ್ನುವುದು. ಆಗ ಕಂಟ್ರೋಲರ್ ಎಂತ ಮಾಡುತ್ತದೆ? ಔಟ್‌ಪುಟ್ ಹೆಚ್ಚಿಸುತ್ತದೆ. ಒಂದು ಪಾಲು ಇನ್ಸುಲಿನ್ ಸಾಕಾಗುತ್ತಿದ್ದಲ್ಲಿ ಎರಡು ಮೂರು ಪಾಲು ಸುರಿಯುತ್ತದೆ. ಸಕ್ಕರೆ ಮಟ್ಟ ಮತ್ತೆ 90ಕ್ಕೇ ಬಂದು ನಿಲ್ಲುತ್ತದೆ, ಲ್ಯಾಬ್ ರಿಪೋರ್ಟ್ "ನಾರ್ಮಲ್" ಅನ್ನುತ್ತದೆ.

ನಾವು ಅಳೆಯುತ್ತಿರುವುದು ಸಿಸ್ಟಮ್ಮಿನ ಔಟ್‌ಪುಟ್ ಮಾತ್ರ. ಕಂಟ್ರೋಲರ್ ಎಷ್ಟು ಹೊರೆಯಲ್ಲಿ ದುಡಿಯುತ್ತಿದೆ ಅಂತ ಆ ಒಂದು ನಂಬರ್ ಹೇಳುವುದಿಲ್ಲ. ಹೀಗೆ ವರ್ಷಗಟ್ಟಲೆ ದುಡಿದು ಬೀಟಾ ಕೋಶಗಳು ಸೋಲತೊಡಗಿದ ಮೇಲೆಯೇ ಸಕ್ಕರೆ ಮಟ್ಟ ಮೇಲೇರುವುದು. ಟೈಪ್ 2 ಮಧುಮೇಹ ಪತ್ತೆಯಾಗುವ ಹೊತ್ತಿಗೆ ಬೀಟಾ ಕೋಶಗಳ ಸಾಮರ್ಥ್ಯ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿರುತ್ತದೆ ಎಂದು ಬ್ರಿಟನ್ನಿನ ಯುಕೆಪಿಡಿಎಸ್ ಎಂಬ ದೊಡ್ಡ ಅಧ್ಯಯನ ಅಂದಾಜು ಮಾಡಿತ್ತು. ಅಪ್ಪನಿಗೆ 46ರಲ್ಲಿ ಶುಗರ್ ಬಂತು ಅಂತ ನಾವು ಹೇಳುತ್ತೇವೆ. ನಿಜವಾಗಿ 46ರಲ್ಲಿ ಆದದ್ದು ಪತ್ತೆ ಮಾತ್ರ.

ಟೆನ್ಶನ್ ಆದಾಗ ಒಳಗೆ ಎಂತ ಆಗುತ್ತದೆ

ವೈವಾಕ್ಕೆ ಹೊರಗೆ ಕಾಯುವಾಗ ಎದೆ ಹೊಡೆದುಕೊಳ್ಳುತ್ತದಲ್ಲ, ಆಗ ಅಡ್ರಿನಾಲಿನ್ ಮತ್ತು ಕಾರ್ಟಿಸಾಲ್ ಎಂಬ ಹಾರ್ಮೋನುಗಳು ರಕ್ತಕ್ಕೆ ಇಳಿದಿರುತ್ತವೆ. ಅವುಗಳ ಕೆಲಸ, ಅಪಾಯದಿಂದ ಓಡುವುದಕ್ಕೆ ಅಥವಾ ಹೋರಾಡುವುದಕ್ಕೆ ಇಂಧನ ಒದಗಿಸುವುದು. ಯಕೃತ್ತಿಗೆ "ಗ್ಲೂಕೋಸ್ ಬಿಡು" ಅನ್ನುವ ಆದೇಶ ಹೋಗುತ್ತದೆ. ಅದೇ ಹೊತ್ತಿಗೆ ಇನ್ಸುಲಿನ್ನಿನ ಪ್ರಭಾವ ತಗ್ಗುತ್ತದೆ. ಹುಲಿ ಅಟ್ಟಿಸಿಕೊಂಡು ಬಂದಿದ್ದರೆ ಈ ಇಂಧನವನ್ನು ಕಾಲಿನ ಸ್ನಾಯು ಸುಟ್ಟುಬಿಡುತ್ತಿತ್ತು. ನಾವು ಬೆಂಚಿನ ಮೇಲೆ ಕೂತೇ ಇರುತ್ತೇವೆ. ಬಿಡುಗಡೆಯಾದ ಸಕ್ಕರೆಯನ್ನು ಮತ್ತೆ ಒಳಗೆ ಸೇರಿಸುವ ಕೆಲಸವೂ ಬೀಟಾ ಕೋಶಗಳ ತಲೆಗೇ ಬರುತ್ತದೆ.

ಒಂದು ವೈವಾದಿಂದ ಯಾರಿಗೂ ಮಧುಮೇಹ ಬರುವುದಿಲ್ಲ. ಬ್ಯಾಕ್‌ಲಾಗ್, ಪ್ಲೇಸ್‌ಮೆಂಟ್, ಮನೆಯ ಸಾಲ, ಸ್ಕ್ರೀನಿನಲ್ಲಿ ಕಾಣುವ ಬೇರೆಯವರ ಪ್ಯಾಕೇಜು, ಹೀಗೆ ತಿಂಗಳುಗಟ್ಟಲೆ ಇಳಿಯದ ಒತ್ತಡದ್ದು ಬೇರೆ ಲೆಕ್ಕ. ಅದು ಹಾರ್ಮೋನಿನ ದಾರಿಯಲ್ಲಿ ಮಾಡುವ ಹಾನಿಗಿಂತಲೂ ಹೆಚ್ಚಾಗಿ ನಮ್ಮ ಅಭ್ಯಾಸಗಳ ದಾರಿಯಲ್ಲಿ ಬರುತ್ತದೆ. ಒತ್ತಡ ಇದ್ದಾಗ ನಮಗೆ ಬೇಕೆನಿಸುವುದು ಸೌತೆಕಾಯಿ ಅಲ್ಲ. ಸಿಹಿ, ಕರಿದದ್ದು, ಮೈದಾ. ಆಟಕ್ಕೆ ಹೋಗುವುದು ನಿಲ್ಲುತ್ತದೆ. ಸಿಗರೇಟು ಶುರುವಾಗಿದ್ದರೆ ಹೆಚ್ಚಾಗುತ್ತದೆ, ಅದೂ ಇನ್ಸುಲಿನ್ ಪ್ರತಿರೋಧ ಹೆಚ್ಚಿಸುವಂಥದ್ದೇ. ಎಲ್ಲಕ್ಕಿಂತ ಮೊದಲು ಹಾಳಾಗುವುದು ನಿದ್ದೆ.

ನಿದ್ದೆಯ ಬಗ್ಗೆ ಒಂದು ಹಳೆಯ ಪ್ರಯೋಗ ನೆನಪಿಡಬೇಕಾದದ್ದು. 1999ರಲ್ಲಿ ಷಿಕಾಗೊ ವಿಶ್ವವಿದ್ಯಾಲಯದವರು 11 ಆರೋಗ್ಯವಂತ ಯುವಕರಿಗೆ ಆರು ರಾತ್ರಿ ಹಾಸಿಗೆಯಲ್ಲಿ ಕೇವಲ ನಾಲ್ಕು ಗಂಟೆ ಕೊಟ್ಟರು. ಆಮೇಲೆ ಪರೀಕ್ಷಿಸಿದಾಗ ಅವರ ದೇಹ ಗ್ಲೂಕೋಸನ್ನು ನಿಭಾಯಿಸುವ ಶಕ್ತಿ ಕುಗ್ಗಿತ್ತು, ಸಂಜೆಯ ಕಾರ್ಟಿಸಾಲ್ ಏರಿತ್ತು. ನಿದ್ದೆಯನ್ನು ಧಾರಾಳವಾಗಿ ವಾಪಸ್ ಕೊಟ್ಟಾಗ ಸ್ಥಿತಿ ಸುಧಾರಿಸಿತು. ಆರು ರಾತ್ರಿ, ನಾಲ್ಕು ಗಂಟೆ: ಇದು ನಮ್ಮ ಇಂಟರ್ನಲ್ಸ್ ವಾರದ ಟೈಮ್‌ಟೇಬಲ್ಲೇ ಅಲ್ವಾ? ಜೊತೆಗೆ, ರಾತ್ರಿ ಹೊತ್ತಿನಲ್ಲಿ ಇನ್ಸುಲಿನ್ನಿಗೆ ದೇಹ ಸ್ಪಂದಿಸುವುದು ಹಗಲಿಗಿಂತ ಕಡಿಮೆ. ಮಧ್ಯಾಹ್ನ ತಿಂದ ಪರೋಟ ಮತ್ತು ರಾತ್ರಿ ಹನ್ನೆರಡಕ್ಕೆ ತಿಂದ ಅದೇ ಪರೋಟ ದೇಹದ ಲೆಕ್ಕದಲ್ಲಿ ಒಂದೇ ಅಲ್ಲ.

ಅಜ್ಜಿ ತಿಂದ ಅನ್ನ, ನಾವು ತಿನ್ನುವ ಅನ್ನ

"ನಮ್ಮ ಅಜ್ಜಿ ಮೂರು ಹೊತ್ತೂ ಅನ್ನವೇ ಉಂಡರು, ಎಂತ ಆಗಲಿಲ್ಲ." ಈ ವಾದ ಎಲ್ಲ ಮನೆಯಲ್ಲೂ ಉಂಟು. ವಾದದಲ್ಲಿ ಸುಳ್ಳಿಲ್ಲ. ಆದರೆ ಅಜ್ಜಿಯ ದಿನ ಹೇಗಿತ್ತು ಅಂತಲೂ ನೋಡಬೇಕು. ಗದ್ದೆಯಲ್ಲಿ ನೇಜಿ ನೆಡುವುದು, ಬಾವಿಯಿಂದ ನೀರು ಸೇದುವುದು, ಕಡೆಯುವ ಕಲ್ಲಿನಲ್ಲಿ ಅರೆಯುವುದು. ಊಟದ ಗ್ಲೂಕೋಸಿನ ಹೆಚ್ಚಿನ ಪಾಲನ್ನು ಹೀರಿಕೊಳ್ಳುವುದು ಸ್ನಾಯು. ಕೆಲಸ ಮಾಡುತ್ತಿರುವ ಸ್ನಾಯು ಇನ್ಸುಲಿನ್ ಸಹಾಯವಿಲ್ಲದೆಯೂ ಗ್ಲೂಕೋಸ್ ಎಳೆದುಕೊಳ್ಳಬಲ್ಲದು. ಅಜ್ಜಿಯ ತಟ್ಟೆಯ ಅನ್ನಕ್ಕೆ ಹೋಗಲು ಜಾಗ ಇತ್ತು. ನಮ್ಮಲ್ಲಿ ಕಾರ್ಕಳದಿಂದ, ಕಾಪುವಿನಿಂದ ಬರುವವರು ಬಸ್ಸಿನಲ್ಲಿ ಕೂತು ಬಂದು, ಕ್ಲಾಸಿನಲ್ಲಿ ಕೂತು, ಲ್ಯಾಬಿನಲ್ಲಿ ಕೂತು, ಮತ್ತೆ ಬಸ್ಸಿನಲ್ಲಿ ಕೂತು ಹೋಗುತ್ತೇವೆ. ಹಾಸ್ಟೆಲಿನವರು ಬಸ್ಸಿನ ಬದಲು ಮಂಚದ ಮೇಲೆ ಕೂರುತ್ತಾರೆ, ಅಷ್ಟೇ ವ್ಯತ್ಯಾಸ.

ಅನ್ನವೂ ಬದಲಾಗಿದೆ. ಕರಾವಳಿಯ ಮನೆಗಳಲ್ಲಿ ಬೇಯುತ್ತಿದ್ದದ್ದು ಕೆಂಪು ಕುಚ್ಚಲಕ್ಕಿ. ಭತ್ತವನ್ನು ಸಿಪ್ಪೆಯ ಸಮೇತ ಬೇಯಿಸಿ ಒಣಗಿಸಿ ಆಮೇಲೆ ಅಕ್ಕಿ ಮಾಡುವುದರಿಂದ ತವಡಿನಲ್ಲಿರುವ ಬಿ ವಿಟಮಿನ್‌ಗಳ ಒಂದು ಪಾಲು ಕಾಳಿನ ಒಳಗೆ ಸೇರುತ್ತದೆ. ಬೆಂದು ತಣಿದ ಪಿಷ್ಟದ ರಚನೆ ಬದಲಾಗಿ ಜೀರ್ಣವಾಗುವುದು ಸ್ವಲ್ಪ ನಿಧಾನ. ಮೆಸ್ಸುಗಳಲ್ಲಿ, ಹೋಟೆಲುಗಳಲ್ಲಿ ಈಗ ಬರುವುದು ಹೆಚ್ಚಾಗಿ ಪಾಲಿಶ್ ಮಾಡಿದ ಬೆಳ್ತಿಗೆ ಅಕ್ಕಿ. ಹಾಗಂತ ಕುಚ್ಚಲಕ್ಕಿ ಅಂದ ಕೂಡಲೇ ನಾಲ್ಕು ಸಲ ಬಡಿಸಿಕೊಳ್ಳಬಹುದು ಅಂತಲ್ಲ. ಅದೂ ಅನ್ನವೇ.

21 ದೇಶಗಳ 1.3 ಲಕ್ಷಕ್ಕೂ ಹೆಚ್ಚು ಜನರನ್ನು ವರ್ಷಗಟ್ಟಲೆ ಗಮನಿಸಿದ ಪ್ಯೂರ್ ಅಧ್ಯಯನದ ವರದಿ 2020ರಲ್ಲಿ ಬಂತು. ದಿನಕ್ಕೆ 450 ಗ್ರಾಂ ಅಥವಾ ಹೆಚ್ಚು ಬೆಂದ ಬಿಳಿ ಅನ್ನ ತಿನ್ನುವವರಲ್ಲಿ, 150 ಗ್ರಾಂಗಿಂತ ಕಡಿಮೆ ತಿನ್ನುವವರಿಗಿಂತ ಮಧುಮೇಹ ಹೆಚ್ಚು ಕಂಡಿತು. ಈ ಸಂಬಂಧ ಅತಿ ಗಾಢವಾಗಿ ಕಂಡದ್ದು ದಕ್ಷಿಣ ಏಷ್ಯಾದಲ್ಲಿ. 450 ಗ್ರಾಂ ಅಂದರೆ ಸುಮಾರು ಮೂರು ಕಪ್. ಎರಡು ಹೊತ್ತಿನ ಮೆಸ್ ಊಟದಲ್ಲಿ ಅದು ಆರಾಮವಾಗಿ ದಾಟುತ್ತದೆ. ಬೆಳಗ್ಗಿನ ನೀರುದೋಸೆ, ಇಡ್ಲಿಯೂ ಅಕ್ಕಿಯೇ ಅನ್ನುವುದನ್ನು ನಾವು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಸಮಸ್ಯೆ ಅನ್ನ ಇರುವುದರಲ್ಲಿ ಅಲ್ಲ, ಅದರ ಪಕ್ಕದಲ್ಲಿ ಏನೂ ಇಲ್ಲದಿರುವುದರಲ್ಲಿ. ಹಳೆಯ ಊಟದಲ್ಲಿ ಹುರುಳಿ ಸಾರು, ಬಸಳೆ, ಹರಿವೆ, ಅಲಸಂಡೆ, ಬಂಗುಡೆ, ಬೂತಾಯಿ ಇತ್ತು. ನಮ್ಮ ಕ್ಯಾಂಟೀನ್ ಪ್ಲೇಟಿನಲ್ಲಿ ಬನ್ಸ್ ಅಂದರೆ ಮೈದಾ, ಬಾಳೆಹಣ್ಣು, ಸಕ್ಕರೆ, ಎಣ್ಣೆ. ಗೋಳಿಬಜೆ ಅಂದರೆ ಮೈದಾ, ಮೊಸರು, ಎಣ್ಣೆ. ಪ್ರೋಟೀನೂ ನಾರೂ ಇಲ್ಲದ ಊಟ ಬೇಗ ಸಕ್ಕರೆಯಾಗಿ ರಕ್ತಕ್ಕೆ ಸೇರುತ್ತದೆ, ಬೇಗ ಹಸಿವೂ ಆಗುತ್ತದೆ. ಎರಡು ಗಂಟೆಯ ಲ್ಯಾಬಿನಲ್ಲಿ ತೂಕಡಿಕೆ ಬರುವುದಕ್ಕೆ ಲ್ಯಾಬನ್ನೇ ಪೂರ್ತಿ ದೂರುವ ಹಾಗಿಲ್ಲ.

"ನಾನು ಸಪೂರ ಇದ್ದೇನಲ್ಲ"

ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಬ್ರಿಟನ್ನಿನ ಡಾ. ಜಾನ್ ಯಡ್ಕಿನ್ ಎಂಬ ಇಬ್ಬರು ವಿಜ್ಞಾನಿಗಳು 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ತಮ್ಮಿಬ್ಬರ ಫೋಟೋವನ್ನೇ ಪ್ರಕಟಿಸಿದರು. ಇಬ್ಬರ ಬಿಎಂಐ ಕೂಡ 22.3. ನೋಡಲು ಇಬ್ಬರೂ ಸಪೂರ. ಯಡ್ಕಿನ್ ಅವರ ದೇಹದ ಕೊಬ್ಬು ಶೇ. 9.1, ಯಾಜ್ಞಿಕ್ ಅವರದ್ದು ಶೇ. 21.2. ಭಾರತೀಯರ ಮೈಕಟ್ಟಿನ ಸಂಗತಿ ಈ ಒಂದು ಚಿತ್ರದಲ್ಲಿ ಇದೆ. ಅದೇ ತೂಕದಲ್ಲಿ ನಮಗೆ ಸ್ನಾಯು ಕಡಿಮೆ, ಕೊಬ್ಬು ಹೆಚ್ಚು, ಅದೂ ಹೊಟ್ಟೆಯ ಸುತ್ತ. ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಸ್ವಲ್ಪ ಮುಂದೆ ಇರುವ ಗೆಳೆಯ ಪ್ರತಿ ಬ್ಯಾಚಿನಲ್ಲೂ ಇದ್ದಾನೆ. ಅದಕ್ಕೇ ನಮಗೆ ಬಿಎಂಐ 23 ದಾಟಿದರೇ ಎಚ್ಚರಿಕೆ. ಸೊಂಟದ ಸುತ್ತಳತೆ ಹುಡುಗರಿಗೆ 90 ಸೆಂಟಿಮೀಟರ್, ಹುಡುಗಿಯರಿಗೆ 80 ಸೆಂಟಿಮೀಟರ್ ಒಳಗೆ ಇರಬೇಕು. ಅಳೆಯುವಾಗ ಪ್ಯಾಂಟಿನ ಸೈಜ್ ನಂಬಬೇಡಿ, ಟೇಪ್ ಹಿಡಿಯಿರಿ.

ಇನ್ನೊಂದು ಗುರುತು ಕನ್ನಡಿಯಲ್ಲೇ ಕಾಣುತ್ತದೆ. ಕತ್ತಿನ ಹಿಂಭಾಗ ಅಥವಾ ಕಂಕುಳಲ್ಲಿ ಕಪ್ಪಾಗಿ, ದಪ್ಪಗಾಗಿ, ಮುಟ್ಟಿದರೆ ಮಖಮಲ್ಲಿನ ಹಾಗೆ ಇರುವ ಚರ್ಮ. ಎಷ್ಟೋ ಮಂದಿ ಅದನ್ನು ಕೊಳೆ ಅಂತ ಉಜ್ಜಿ ಉಜ್ಜಿ ತೊಳೆಯುತ್ತಾರೆ. ಅದು ಹಲವು ಸಲ ಇನ್ಸುಲಿನ್ ಪ್ರತಿರೋಧದ ಲಕ್ಷಣ. ಹುಡುಗಿಯರಲ್ಲಿ ಪಿಸಿಒಎಸ್ ಇದ್ದರೂ ಇದೇ ಪ್ರತಿರೋಧ ಹಿಂದೆ ಇರುವ ಸಾಧ್ಯತೆ ಹೆಚ್ಚು. ಎರಡಕ್ಕೂ ಬೇಕಾದದ್ದು ನಾಚಿಕೆಯಲ್ಲ, ವೈದ್ಯರು.

ನಮ್ಮ ಅಂಕ ನಾವೇ ಹಾಕೋಣ

ಚೆನ್ನೈನ ಡಾ. ವಿ. ಮೋಹನ್ ಮತ್ತು ಅವರ ತಂಡ 2005ರಲ್ಲಿ ರಕ್ತ ತೆಗೆಯದೆಯೇ ಅಪಾಯ ಅಳೆಯುವ ಒಂದು ಸ್ಕೋರ್ ರೂಪಿಸಿತು. ಒಟ್ಟು 100 ಅಂಕ, ಇಲ್ಲಿ ಕಡಿಮೆ ಬಂದವನೇ ಟಾಪರ್. ವಯಸ್ಸು 35ಕ್ಕಿಂತ ಕಡಿಮೆ ಇದ್ದರೆ ಸೊನ್ನೆ. ಹೆತ್ತವರಲ್ಲಿ ಒಬ್ಬರಿಗೆ ಮಧುಮೇಹ ಇದ್ದರೆ 10, ಇಬ್ಬರಿಗೂ ಇದ್ದರೆ 20. ಸೊಂಟ ಹುಡುಗರಲ್ಲಿ 90ರಿಂದ 99, ಹುಡುಗಿಯರಲ್ಲಿ 80ರಿಂದ 89 ಇದ್ದರೆ 10, ಅದಕ್ಕೂ ಹೆಚ್ಚಾದರೆ 20. ವ್ಯಾಯಾಮವೂ ಇಲ್ಲ, ಕೆಲಸವೂ ಕೂತು ಮಾಡುವಂಥದ್ದೇ ಆದರೆ 30. ಒಟ್ಟು 60 ಮುಟ್ಟಿದರೆ ಹೆಚ್ಚಿನ ಅಪಾಯ.

ಒಂದು ಉದಾಹರಣೆ ನೋಡೋಣ. ಅಪ್ಪನಿಗೆ ಶುಗರ್ ಇದೆ, ಸೊಂಟ 92, ಆಟ ಇಲ್ಲ, ಓಟ ಇಲ್ಲ. 10+10+30, ಅಂದರೆ 50. ಇದು ಇಪ್ಪತ್ತು ವರ್ಷದ ಹುಡುಗನ ಅಂಕ. ಏನೂ ಬದಲಾಗದಿದ್ದರೆ 35 ತುಂಬಿದ ದಿನ ವಯಸ್ಸಿನ 20 ಸೇರಿ ಅದು 70 ಆಗುತ್ತದೆ. ಈ ಪಟ್ಟಿಯಲ್ಲಿ ವಯಸ್ಸು ಮತ್ತು ಅಪ್ಪ ಅಮ್ಮ ನಮ್ಮ ಕೈಯಲ್ಲಿಲ್ಲ. ಆದರೆ ಅತಿ ದೊಡ್ಡ ಸಂಖ್ಯೆಯಾದ ಆ 30, ಮತ್ತು ಸೊಂಟದ ಅಂಕ, ಪೂರ್ತಿ ನಮ್ಮದೇ.

ಬದಲಾದರೆ ಪ್ರಯೋಜನ ಉಂಟಾ ಅಂತ ಕೇಳಿದರೆ ಉತ್ತರ ನಮ್ಮ ದೇಶದ್ದೇ ಇದೆ. ಚೆನ್ನೈನ ಡಾ. ಎ. ರಾಮಚಂದ್ರನ್ ಮತ್ತು ಅವರ ಸಹೋದ್ಯೋಗಿಗಳು ಮಧುಮೇಹದ ಹೊಸ್ತಿಲಲ್ಲಿದ್ದ 531 ಮಂದಿಯನ್ನು ಸುಮಾರು ಮೂರು ವರ್ಷ ಗಮನಿಸಿ 2006ರಲ್ಲಿ ಫಲಿತಾಂಶ ಪ್ರಕಟಿಸಿದರು. ಊಟ ಮತ್ತು ನಡಿಗೆ ಬದಲಾಯಿಸಿಕೊಂಡವರಲ್ಲಿ ಅಪಾಯ ಶೇ. 28.5 ಕಡಿಮೆಯಾಯಿತು. ಮೆಟ್‌ಫಾರ್ಮಿನ್ ಮಾತ್ರೆ ಕೊಟ್ಟವರಲ್ಲಿ ಶೇ. 26.4. ಎರಡನ್ನೂ ಸೇರಿಸಿದರೂ ಹೆಚ್ಚಿನ ಲಾಭ ಕಾಣಲಿಲ್ಲ. ಅಂದರೆ ತಟ್ಟೆ ಮತ್ತು ಕಾಲು ಸೇರಿ ಮಾತ್ರೆಯಷ್ಟೇ ಕೆಲಸ ಮಾಡಿದವು.

ನಾಳೆಯಿಂದ ಎಂತ ಮಾಡುವುದು

ಹಾಸ್ಟೆಲಿನಲ್ಲಿ ಇದ್ದುಕೊಂಡು ಡಯಟ್ ಚಾರ್ಟ್ ಪಾಲಿಸುವುದು ಆಗದ ಮಾತು. ಆಗುವಂಥದ್ದನ್ನು ಮಾತ್ರ ಹೇಳುತ್ತೇವೆ.

ಕುಡಿಯುವ ಸಕ್ಕರೆಯಿಂದ ಶುರು ಮಾಡಿ. ಎರಡೆರಡು ಚಮಚ ಸಕ್ಕರೆಯ ನಾಲ್ಕು ಚಾ ಅಂದರೆ 32 ಗ್ರಾಂ, ಮೇಲೊಂದು ಕೋಲಾ 26 ಗ್ರಾಂ, ಒಟ್ಟು 58. ದಿನಕ್ಕೆ 2000 ಕ್ಯಾಲೊರಿ ತಿನ್ನುವವರಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ 50 ಗ್ರಾಂ, 25ರೊಳಗೆ ಇದ್ದರೆ ಇನ್ನೂ ಒಳ್ಳೆಯದು. ಚಾಕ್ಕೆ ಒಂದೇ ಚಮಚ, ಬಾಟಲಿ ಬದಲು ಮಜ್ಜಿಗೆ. ಇಷ್ಟರಲ್ಲೇ ಲೆಕ್ಕ ಅರ್ಧಕ್ಕಿಂತ ಕೆಳಗೆ ಬರುತ್ತದೆ.

ತಿನ್ನುವ ಕ್ರಮ ಬದಲಾಯಿಸಿ. ನಮ್ಮ ಎಲೆ ಊಟದಲ್ಲಿ ಕೋಸಂಬರಿ, ಪಲ್ಯ ಮೊದಲೇ ಬಂದು ಕೂತಿರುತ್ತವೆ, ಅನ್ನ ಆಮೇಲೆ ಬರುತ್ತದೆ. ಮೊದಲು ಬಂದದ್ದನ್ನು ಮೊದಲು ತಿಂದುಬಿಡಿ. ತರಕಾರಿ, ಬೇಳೆ, ಮೀನು, ಮೊಟ್ಟೆ ಮೊದಲು ತಿಂದು ಅನ್ನವನ್ನು ಕೊನೆಗೆ ತಿಂದರೆ ಊಟದ ನಂತರದ ಸಕ್ಕರೆಯ ಏರಿಕೆ ಕಡಿಮೆ ಇರುತ್ತದೆ. ಎರಡನೇ ಸಲ ಅನ್ನದ ಬದಲು ಎರಡನೇ ಸಲ ಸಾಂಬಾರಿನ ತರಕಾರಿ ಕೇಳಿ.

ಊಟದ ನಂತರ ಹತ್ತು ನಿಮಿಷ ನಡೆಯಿರಿ. ರಕ್ತಕ್ಕೆ ಸಕ್ಕರೆ ಸೇರುವ ಹೊತ್ತಿಗೇ ಸ್ನಾಯು ಅದನ್ನು ಎಳೆದುಕೊಳ್ಳುತ್ತದೆ. ಮಣಿಪಾಲದವರಿಗೆ ಎಂಡ್ ಪಾಯಿಂಟ್ ಇದೆ, ಕಾಪುವಿನವರಿಗೆ ಮನೆ ಹತ್ತಿರವೇ ಬೀಚು, ಕಾರ್ಕಳದವರು ಭಾನುವಾರ ಗೊಮ್ಮಟ ಬೆಟ್ಟದ ಮೆಟ್ಟಿಲು ಹತ್ತಬಹುದು. ಬಸ್ಸಿನವರು ಒಂದು ಸ್ಟಾಪ್ ಮೊದಲೇ ಇಳಿಯಬಹುದು. ವಾರಕ್ಕೆ ಎರಡು ದಿನ ರೂಮಿನಲ್ಲೇ ಬಸ್ಕಿ, ದಂಡ ಹೊಡೆದರೆ ಸ್ನಾಯುವೂ ಬೆಳೆಯುತ್ತದೆ.

ರಾತ್ರಿ ಓದುವಾಗ ಹಸಿವಾಗುವುದು ಸಹಜ. ಡ್ರಾಯರಿನಲ್ಲಿ ನೆಲಗಡಲೆ, ಹುರಿಗಡಲೆ ಇಟ್ಟುಕೊಳ್ಳಿ. ಸಿಲೆಬಸ್ ಮುಗಿಯದಿದ್ದರೂ ಆರೇಳು ಗಂಟೆ ನಿದ್ದೆಗೆ ಜಾಗ ಬಿಡಿ, ಓದಿದ್ದು ತಲೆಯಲ್ಲಿ ನಿಲ್ಲುವುದಕ್ಕೂ ಅದೇ ನಿದ್ದೆ ಬೇಕು.

ಒತ್ತಡ ನಡಿಗೆಗೂ ನಿದ್ದೆಗೂ ಬಗ್ಗದಷ್ಟು ಇದ್ದರೆ ಮಾತಾಡಿ. ಗೆಳೆಯರ ಹತ್ತಿರ, ಮೆಂಟರ್ ಹತ್ತಿರ, ಮನೆಯಲ್ಲಿ. ಯಾರ ಹತ್ತಿರವೂ ಆಗದಿದ್ದರೆ ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416 ಇದೆ, ಹಗಲು ರಾತ್ರಿ ಉಚಿತ, ಕನ್ನಡದಲ್ಲೂ ಮಾತಾಡಬಹುದು.

ಸ್ಕೋರ್ ಹೆಚ್ಚಿದ್ದರೆ, ಕತ್ತು ಕಪ್ಪಾಗಿದ್ದರೆ ಒಮ್ಮೆ ವೈದ್ಯರನ್ನು ಕಂಡು ಖಾಲಿ ಹೊಟ್ಟೆಯ ಸಕ್ಕರೆ ಅಥವಾ ಎಚ್‌ಬಿಎ1ಸಿ ಪರೀಕ್ಷೆ ಮಾಡಿಸಿ. ಖಾಲಿ ಹೊಟ್ಟೆಯಲ್ಲಿ 100ರಿಂದ 125, ಅಥವಾ ಎಚ್‌ಬಿಎ1ಸಿ 5.7ರಿಂದ 6.4 ಬಂದರೆ ಪ್ರೀಡಯಾಬಿಟಿಸ್. 126 ಅಥವಾ 6.5 ಮುಟ್ಟಿದರೆ ಮಧುಮೇಹದ ಸೂಚನೆ, ಇನ್ನೊಮ್ಮೆ ಪರೀಕ್ಷಿಸಿ ಖಚಿತ ಮಾಡುತ್ತಾರೆ. ವಿಪರೀತ ಬಾಯಾರಿಕೆ, ಪದೇ ಪದೇ ಮೂತ್ರ, ಕಾರಣವಿಲ್ಲದೆ ತೂಕ ಇಳಿಯುವುದು ಇದ್ದರೆ ಸ್ಕೋರ್ ಹಾಕುತ್ತಾ ಕೂರಬೇಡಿ, ಅದೇ ದಿನ ಆಸ್ಪತ್ರೆಗೆ ಹೋಗಿ.

ಇದನ್ನು ಬರೆಯುವಾಗ ನಾವೂ ಟೇಪ್ ಹಿಡಿದು ಅಳೆದುಕೊಂಡೆವು. ಕೆಲವರ ಅಂಕ ನಗುವ ಹಾಗೆ ಇರಲಿಲ್ಲ. ಹಾಗಾಗಿ ಉಪದೇಶ ಅಂತ ತಿಳಿಯಬೇಡಿ. ಬನ್ಸ್ ಬಿಟ್ಟುಬಿಡಿ ಅಂತಲೂ ಹೇಳುವುದಿಲ್ಲ, ನಮ್ಮಿಂದಲೂ ಆಗುವುದಿಲ್ಲ. ಎರಡರ ಬದಲು ಒಂದು ತಿನ್ನೋಣ, ಜೊತೆಗೆ ಒಂದು ಮೊಟ್ಟೆಯೋ ಒಂದು ಲೋಟ ಮಜ್ಜಿಗೆಯೋ ಇರಲಿ, ಆಮೇಲೆ ಕ್ಲಾಸಿಗೆ ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತೋಣ. ಮತ್ತು ಈ ವಾರ ಮನೆಗೆ ಹೋದಾಗ ಅಪ್ಪನ ಮಾತ್ರೆಯ ಡಬ್ಬದ ಪಕ್ಕ ಕೂತು, ಶುಗರ್ ಯಾವಾಗ ಗೊತ್ತಾಯಿತು, ಈಗ ಎಷ್ಟಿದೆ ಅಂತ ಕೇಳಿ. ಊಟ ಆದ ಮೇಲೆ ಅವರನ್ನೂ ಕರೆದುಕೊಂಡು ಹತ್ತು ನಿಮಿಷ ನಡೆದು ಬನ್ನಿ.